ಪೆಟ್ಟು ತಿಂದ ಉಪ್ಪುನೀರಿನ ಮೀನನ್ನು ಉಳಿಸಿಕೊಳ್ಳುವುದು ಹೇಗೆ? ಕೊಡಗಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಅಣ್ಣ, ಹೊಸ ಮೀನನ್ನು ಹಳೇ ಮೀನು ಕಚ್ಚಿ ಹರಿದು ಹಾಕಿದೆ. ಯಾವ ಔಷಧಿ ಹಾಕಲಿ?" ವಿಚಾರಿಸಿದರೆ ಮುಂದಿನ ಕಥೆಯೂ ಒಂದೇ. ಮೀನನ್ನು ಬಕೆಟ್‌ಗೆ ಹಾಕಿದ್ದಾರೆ, ಎರಡು ಮೂರು ಔಷಧಿ ಬಿಟ್ಟಿದ್ದಾರೆ, ಮೂರನೇ ದಿನ ಮೀನು ಸತ್ತಿದೆ.

ಇಂಥ ಮೀನುಗಳಲ್ಲಿ ಹೆಚ್ಚಿನವು ಗಾಯದಿಂದ ಸಾಯುವುದಿಲ್ಲ. ಬಕೆಟ್ ನೀರಿನಲ್ಲಿ ಏರಿದ ಅಮೋನಿಯಾದಿಂದ ಸಾಯುತ್ತವೆ, ರಾತ್ರಿ ಕುಸಿದ ತಾಪಮಾನದಿಂದ ಸಾಯುತ್ತವೆ, ಅವಸರದಲ್ಲಿ ಸುರಿದ ಔಷಧಿಯಿಂದ ಸಾಯುತ್ತವೆ. ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಮೊದಲು ಜಗಳ ನಿಲ್ಲಿಸಬೇಕು. ಆಮೇಲೆ ನೀರು, ಆಮೇಲೆ ಊಟ. ಔಷಧಿ ಕೊನೆಗೆ, ಅದೂ ಬೇಕಾದರೆ ಮಾತ್ರ.

## ಮೊದಲೇ ಮನೆಯಲ್ಲಿ ಇರಬೇಕಾದ ಸಾಮಾನು

ಮೀನಿಗೆ ಪೆಟ್ಟಾದ ಮೇಲೆ ಇವನ್ನು ಹುಡುಕಲು ಹೊರಟರೆ ತಡವಾಗುತ್ತದೆ. ಮರೈನ್ ಸಾಮಾನಿಗೆ ನಾವು ಮೈಸೂರು, ಮಂಗಳೂರು ಇಲ್ಲವೇ ಬೆಂಗಳೂರನ್ನೇ ನಂಬಿರುವವರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಗಿದ್ದು ನೆನಪಿದೆಯಲ್ವಾ? ಮಳೆಗಾಲದಲ್ಲಿ ಪಾರ್ಸಲ್ ನಂಬಿ ಕೂರಬಾರದು. ಮೇ ಮುಗಿಯುವ ಮೊದಲೇ ತರಿಸಿಟ್ಟುಕೊಳ್ಳಿ.

- 40ರಿಂದ 60 ಲೀಟರ್‌ನ ಖಾಲಿ ಗಾಜಿನ ತೊಟ್ಟಿ, ಮುಚ್ಚಳದ ಸಮೇತ
- ಸ್ಪಾಂಜ್ ಫಿಲ್ಟರ್ ಮತ್ತು ಏರ್ ಪಂಪ್
- 100 ವ್ಯಾಟ್ ಹೀಟರ್, ಬೇರೆಯಾಗಿ ಒಂದು ಥರ್ಮಾಮೀಟರ್
- ಬ್ಯಾಟರಿಯಲ್ಲಿ ಓಡುವ ಏರ್ ಪಂಪ್
- ಅಮೋನಿಯಾ ಟೆಸ್ಟ್ ಕಿಟ್, ರಿಫ್ರಾಕ್ಟೋಮೀಟರ್ (ನೀರಿನ ಉಪ್ಪು ಅಳೆಯುವ ಸಾಧನ)
- ಮರೈನ್ ಸಾಲ್ಟ್, ಆರ್‌ಒ ನೀರು
- ಅಡಗಿಕೊಳ್ಳಲು ಪಿವಿಸಿ ಪೈಪಿನ ಎಲ್ಬೋ ಮತ್ತು ಟೀ ತುಂಡುಗಳು
- ಮೀನು ಹಿಡಿಯಲು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ

ಈ ಖಾಲಿ ತೊಟ್ಟಿಯೇ ಗಾಯಾಳು ಮೀನಿನ ಹಾಸ್ಪಿಟಲ್ ಟ್ಯಾಂಕ್. ಅದಕ್ಕೆ ಮರಳು, ಕಲ್ಲು ಬೇಡ. ಔಷಧಿ ಹಾಕಬೇಕಾಗಿ ಬಂದರೆ ಅವು ಅದನ್ನು ಹೀರಿಕೊಳ್ಳುತ್ತವೆ. ತಳ ಖಾಲಿ ಇದ್ದರೆ ಉಳಿದ ಆಹಾರ, ಹಿಕ್ಕೆ ಎರಡೂ ಕಣ್ಣಿಗೆ ಬೀಳುತ್ತವೆ. ರಾಸ್ (wrasse ಜಾತಿಯ) ಮೀನುಗಳಲ್ಲಿ ಕೆಲವು ಮರಳಿನಲ್ಲಿ ಹೂತು ಮಲಗುತ್ತವೆ. ಅಂಥವಕ್ಕೆ ಮಾತ್ರ ಒಂದು ಸಣ್ಣ ಡಬ್ಬಿಯಲ್ಲಿ ಮರಳು ಇಡಿ.

ಈ ಪಟ್ಟಿಯಲ್ಲಿ ಇಲ್ಲದ ಒಂದು ವಸ್ತು ಇದೆ, ಅದೇ ಎಲ್ಲಕ್ಕಿಂತ ಮುಖ್ಯ. ಒಂದು ಹೆಚ್ಚುವರಿ ಸ್ಪಾಂಜನ್ನು ಯಾವಾಗಲೂ ನಿಮ್ಮ ದೊಡ್ಡ ಟ್ಯಾಂಕಿನ ಸಂಪ್‌ನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ) ಬಿಟ್ಟಿರಿ. ತಿಂಗಳೊಳಗೆ ಅದರಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಅವಸರದ ದಿನ ಆ ಸ್ಪಾಂಜನ್ನು ಎತ್ತಿ ಹಾಸ್ಪಿಟಲ್ ಟ್ಯಾಂಕಿಗೆ ಹಾಕಿದರೆ ಅರ್ಧ ಕೆಲಸ ಮುಗಿಯಿತು.

## ಹಂತ 1: ಪೆಟ್ಟೋ, ರೋಗವೋ ನೋಡಿ

ಮೀನನ್ನು ಮುಟ್ಟುವ ಮೊದಲು ಹತ್ತು ನಿಮಿಷ ಟ್ಯಾಂಕಿನ ಮುಂದೆ ಸುಮ್ನೆ ಕೂತು ನೋಡಿ. ಹೊಡೆತ ತಿಂದ ಮೀನಿನ ಗುರುತುಗಳು ಹೀಗಿರುತ್ತವೆ: ರೆಕ್ಕೆಯ ಅಂಚು ಚಿಂದಿಯಾಗಿರುತ್ತದೆ, ಬಾಲದ ಕಡೆ ಹುರುಪೆ ಕಿತ್ತಿರುತ್ತದೆ, ಗಾಯ ಒಂದು ಪಕ್ಕದಲ್ಲಿ ಜಾಸ್ತಿ ಇರುತ್ತದೆ. ಮೀನು ಹೀಟರ್ ಹಿಂದೆಯೋ ನೀರಿನ ಮೇಲ್ಭಾಗದ ಮೂಲೆಯಲ್ಲೋ ನಿಂತಿರುತ್ತದೆ. ಇನ್ನೊಂದು ಮೀನು ಹತ್ತಿರ ಬಂದ ಕೂಡಲೇ ಬೆಚ್ಚಿ ಓಡುತ್ತದೆ.

ಒಂದೇ ಕಣ್ಣು ಊದಿದ್ದರೆ ಅದು ಸಾಮಾನ್ಯವಾಗಿ ಪೆಟ್ಟು. ಎರಡೂ ಕಣ್ಣು ಊದಿದ್ದರೆ ನೀರಿನಲ್ಲೋ ಮೀನಿನ ದೇಹದೊಳಗೋ ತೊಂದರೆ ಇದೆ ಎಂದು ಅನುಮಾನಿಸಬೇಕು.

ಇಲ್ಲಿ ಬಹಳ ಜನ ಮೋಸ ಹೋಗುವ ಒಂದು ಸಂಗತಿ ಇದೆ. ಹಸಿರು ಕ್ರೋಮಿಸ್ ಮೀನುಗಳ ಪಕ್ಕದಲ್ಲಿ ಕೆಂಪಗೆ ಹುಣ್ಣಿನಂಥ ಕಲೆ ಕಂಡರೆ "ಯಾರೋ ಕಚ್ಚಿದ್ದಾರೆ" ಅನ್ನುತ್ತಾರೆ. ಅದು ಎಷ್ಟೋ ಸಲ ಯುರೋನೀಮಾ ಎಂಬ ಪರಾವಲಂಬಿ ಜೀವಿಯ ಕೆಲಸ. ಬೇಗ ಹಬ್ಬುತ್ತದೆ, ಬೇಗ ಕೊಲ್ಲುತ್ತದೆ. ಕಚ್ಚಿದ ಗಾಯಕ್ಕೆ ಹರಿದ ಅಂಚು ಇರುತ್ತದೆ. ಇದು ಚರ್ಮದ ಒಳಗಿಂದ ಕೆಂಪಾಗಿ ಎದ್ದಂತೆ ಕಾಣುತ್ತದೆ. ಅಂಥ ಮೀನನ್ನು ಕೂಡಲೇ ಬೇರೆ ಮಾಡಿ, ಅದಕ್ಕೆ ಬಳಸಿದ ಯಾವ ವಸ್ತುವನ್ನೂ ದೊಡ್ಡ ಟ್ಯಾಂಕಿಗೆ ತಾಗಿಸಬೇಡಿ.

ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಇದ್ದರೆ ಅದು ಮರೈನ್ ಇಕ್ ಎಂಬ ಪರಾವಲಂಬಿ ರೋಗ. ನುಣ್ಣನೆ ಪುಡಿ ಉದುರಿಸಿದ ಹಾಗೆ ಕಂಡು, ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗ. ಅದು ಎರಡು ಮೂರು ದಿನದಲ್ಲಿ ಕೊಲ್ಲುತ್ತದೆ. ಹೆದರಿಕೆಯಲ್ಲಿ ಬದುಕಿದ ಮೀನಿಗೆ ಇವು ಬೇಗ ಹತ್ತುತ್ತವೆ. ಆದ್ದರಿಂದ ಗಾಯ ಮತ್ತು ರೋಗ ಎರಡೂ ಒಟ್ಟಿಗೆ ಇರಬಹುದು.

## ಹಂತ 2: ಯಾರನ್ನು ಹೊರಗೆ ತೆಗೆಯಬೇಕು?

ಪೆಟ್ಟು ತಿಂದವನನ್ನು ಎತ್ತುವುದೇ ಎಲ್ಲರ ಮೊದಲ ಯೋಚನೆ. ನನ್ನ ಅಭಿಪ್ರಾಯ ಬೇರೆ. ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ನೀರು ಇರುವುದು ದೊಡ್ಡ ಟ್ಯಾಂಕಿನಲ್ಲಿ. ಗಾಯ ಸಣ್ಣದಿದ್ದರೆ ಆ ನೀರಿನಿಂದ ಮೀನನ್ನು ಕಿತ್ತು ತರುವುದೇ ನಷ್ಟ. ಹೊಡೆಯುವವನನ್ನು ಹೊರಗೆ ತೆಗೆಯಿರಿ.

ರೆಕ್ಕೆಯ ಅಂಚು ಮಾತ್ರ ಹರಿದಿದೆ, ಉಸಿರಾಟ ಸರಿಯಿದೆ, ಊಟಕ್ಕೆ ಬಾಯಿ ಹಾಕುತ್ತಿದೆ ಅಂದರೆ ಗಾಯಾಳು ಅಲ್ಲೇ ಇರಲಿ. ಪುಂಡ ಮೀನನ್ನು ತೂತುಗಳಿರುವ ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಟ್ಯಾಂಕಿನೊಳಗೇ ತೂಗುಹಾಕಿ, ಇಲ್ಲವೇ ಸಂಪ್‌ಗೆ ಬಿಡಿ.

ಮಾಂಸ ಕಾಣುತ್ತಿದೆ, ಕಣ್ಣಿಗೆ ಪೆಟ್ಟಾಗಿದೆ, ರೆಕ್ಕೆ ಬುಡದವರೆಗೆ ಹೋಗಿದೆ, ಊಟ ಬಿಟ್ಟಿದೆ, ಉಸಿರು ಜೋರಾಗಿದೆ. ಇವುಗಳಲ್ಲಿ ಒಂದು ಕಂಡರೂ ಗಾಯಾಳು ಹಾಸ್ಪಿಟಲ್ ಟ್ಯಾಂಕಿಗೆ ಬರಬೇಕು. ಒಂದೇ ಮೀನು ಹೊಡೆಯುತ್ತಿಲ್ಲ, ಮೂರು ನಾಲ್ಕು ಮೀನು ಸೇರಿ ಹೊಡೆಯುತ್ತಿವೆ ಅಂದರೂ ಅಷ್ಟೇ.

ಯಾರು ಹೊಡೆಯುತ್ತಿದ್ದಾರೆ ಎಂಬುದು ಗೊತ್ತಾಗದಿದ್ದರೆ ಮೊಬೈಲನ್ನು ಟ್ಯಾಂಕಿನ ಮುಂದೆ ಇಟ್ಟು ವಿಡಿಯೋ ಮಾಡಿ ಎದ್ದು ಹೋಗಿ. ಜನ ಎದುರಿಗಿದ್ದಾಗ ಊಟದ ಆಸೆಗೆ ಎಲ್ಲ ಮೀನೂ ಸಭ್ಯವಾಗಿರುತ್ತವೆ. ಡ್ಯಾಮ್ಸೆಲ್, ಮರೂನ್ ಕ್ಲೌನ್, ಡಾಟಿಬ್ಯಾಕ್, ಟ್ರಿಗರ್ ಇವುಗಳ ಮೇಲೆ ಮೊದಲ ಅನುಮಾನ ಇರಲಿ. ಉದ್ದನೆಯ ಸೀಳು ಗಾಯ ಇದ್ದರೆ ಟ್ಯಾಂಗ್ ಮೀನಿನ ಕೆಲಸ. ಅದರ ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳು ಇರುತ್ತದೆ.

## ಹಂತ 3: ನೀರು ಸಿದ್ಧ ಮಾಡುವುದು

ಹಾಸ್ಪಿಟಲ್ ಟ್ಯಾಂಕಿಗೆ ಮೊದಲ ದಿನದ ನೀರು ದೊಡ್ಡ ಟ್ಯಾಂಕಿನಿಂದಲೇ ಬರಲಿ. 40 ಲೀಟರ್ ತೆಗೆದು ಇಲ್ಲಿಗೆ ತುಂಬಿ, ಅಲ್ಲಿಗೆ ಹೊಸ ನೀರು ಹಾಕಿ. ಉಪ್ಪಿನ ಪ್ರಮಾಣ, ಪಿಎಚ್, ತಾಪಮಾನ ಮೂರೂ ಒಂದೇ ಇರುವುದರಿಂದ ಮೀನು ಹೊಸ ನೀರಿಗೆ ಹೊಂದಿಕೊಳ್ಳುವ ಕಷ್ಟವೇ ಇರುವುದಿಲ್ಲ. ದೊಡ್ಡ ಟ್ಯಾಂಕಿನಲ್ಲಿ ಅಮೋನಿಯಾ ಸೊನ್ನೆ ಇದೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು.

ಜೊತೆಗೆ ಬದಲಾಯಿಸಲು ಹೊಸ ನೀರು ಕಲಸಿಡಬೇಕು. ಲೀಟರಿಗೆ ಸುಮಾರು 36 ಗ್ರಾಂ ಮರೈನ್ ಸಾಲ್ಟ್ ಬೇಕಾಗುತ್ತದೆ, ಅಂದರೆ 50 ಲೀಟರಿಗೆ 1.8 ಕಿಲೋ. ಬ್ರಾಂಡಿನಿಂದ ಬ್ರಾಂಡಿಗೆ ವ್ಯತ್ಯಾಸ ಇರುವುದರಿಂದ ತೂಕವನ್ನು ನಂಬಬೇಡಿ, ಅಳೆದು ನೋಡಿ. 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು), ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026 ಬರಬೇಕು. ಪಂಪ್ ಹಾಕಿ ಒಂದು ದಿನ ತಿರುಗಲು ಬಿಟ್ಟು, 26 ಡಿಗ್ರಿಗೆ ತಂದ ಮೇಲೆ ಬಳಸಿ. ಅಡುಗೆ ಉಪ್ಪು, ಕಲ್ಲುಪ್ಪು ಎರಡೂ ಇದಕ್ಕೆ ಆಗುವುದಿಲ್ಲ. ಅವುಗಳಲ್ಲಿ ಸಮುದ್ರದ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಬೇಕಾದಷ್ಟು ಇರುವುದಿಲ್ಲ.

ನಮ್ಮ ಊರಿನ ನೀರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೊಡಗಿನ ನೀರು ಮೆದು, ರುಚಿ, ಕುಡಿಯಲು ಚೆನ್ನ. ಹಾಗೆಂದು ತೋಟದ ಬಾವಿ ನೀರನ್ನು ನೇರವಾಗಿ ಉಪ್ಪು ಕಲಸಲು ತೆಗೆದುಕೊಳ್ಳಬೇಡಿ. ಕಾಫಿಗೆ, ಕಾಳುಮೆಣಸಿಗೆ ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಶೇಕಡಾ 1ರ ದ್ರಾವಣ ಅಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ. ಲೆಕ್ಕ ಹಾಕಿದರೆ ಒಂದು ಲೀಟರಿನಲ್ಲಿ ಎರಡೂವರೆ ಗ್ರಾಂನಷ್ಟು ತಾಮ್ರ. ಹವಳ, ಸಿಗಡಿ, ಬಸವನಹುಳುಗಳಿಗೆ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಎಷ್ಟೋ ಕಡಿಮೆ ತಾಮ್ರವೂ ವಿಷ. ಸ್ಪ್ರೇ ಕೆಲಸ ಮುಗಿಸಿ ಬಂದ ಕೈಯನ್ನು ಸೋಪು ಹಾಕಿ ತೊಳೆದು, ಸೋಪು ಪೂರ್ತಿ ಹೋಗುವವರೆಗೆ ಮತ್ತೆ ತೊಳೆದ ಮೇಲೆಯೇ ಟ್ಯಾಂಕಿಗೆ ಇಳಿಸಿ. ಸ್ಪ್ರೇಗೆ ಬಳಸಿದ ಬಕೆಟ್, ಡ್ರಮ್ ಎಷ್ಟು ತೊಳೆದರೂ ಈ ಕೆಲಸಕ್ಕೆ ಬೇಡ.

ಮಳೆನೀರು ಬೇಕಾದಷ್ಟಿದೆ, ಅದನ್ನೇ ಹಿಡಿಯಬಹುದಲ್ವಾ ಎನ್ನುವವರಿದ್ದಾರೆ. ಸತುವಿನ ಲೇಪದ ಶೀಟಿನ ಮೇಲಿಂದ ಬಂದ ನೀರಿನಲ್ಲಿ ಸತು ಇರುತ್ತದೆ. ಹಂಚಿನ ಮೇಲಿಂದ ಬಂದರೆ ಪಾಚಿ, ಹಕ್ಕಿ ಹಿಕ್ಕೆ. ಆರ್‌ಒ ಒಂದೇ ದಾರಿ. ಮಂಗಳೂರಿನಿಂದ ಸಮುದ್ರದ ನೀರು ತರುವವರು ಮಳೆಗಾಲದಲ್ಲಿ ಆ ಅಭ್ಯಾಸ ಬಿಡಿ. ನೇತ್ರಾವತಿ, ಗುರುಪುರ ನದಿಗಳು ತುಂಬಿ ಹರಿದು ತೀರದ ನೀರಿನ ಉಪ್ಪನ್ನು ಇಳಿಸುತ್ತವೆ, ಮಣ್ಣು ಕಸವನ್ನೂ ತರುತ್ತವೆ.

## ಹಂತ 4: ಹಿಡಿಯುವುದು

ಬಲೆ ಬೇಡ. ಹರಿದ ರೆಕ್ಕೆ ಬಲೆಗೆ ಸಿಕ್ಕಿ ಇನ್ನಷ್ಟು ಹರಿಯುತ್ತದೆ, ಮೈಯ ಲೋಳೆ ಕಿತ್ತುಬರುತ್ತದೆ. ಆ ಲೋಳೆಯೇ ಸೋಂಕು ತಡೆಯುವ ಮೊದಲ ಬೇಲಿ. ಏಂಜೆಲ್ ಮೀನಿನ ಕೆನ್ನೆಯ ಮುಳ್ಳು, ಟ್ಯಾಂಗ್ ಬಾಲದ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವುದೇ ದೊಡ್ಡ ಪಾಡು.

ರಾತ್ರಿ ಲೈಟ್ ಆರಿಸಿ ಒಂದೆರಡು ಗಂಟೆ ಬಿಡಿ. ಮಂದ ಟಾರ್ಚ್ ಹಿಡಿದು ಪಾರದರ್ಶಕ ಡಬ್ಬಿಯನ್ನು ನಿಧಾನವಾಗಿ ಮೀನಿನ ಮುಂದೆ ಇಳಿಸಿ, ಇನ್ನೊಂದು ಕೈಯಿಂದ ಹಿಂದಿನಿಂದ ತಳ್ಳಿದಂತೆ ಮಾಡಿ. ನೀರಿನ ಸಮೇತ ಎತ್ತಿ. ಮೀನು ಗಾಳಿಗೆ ಬರಬಾರದು. ಐದು ನಿಮಿಷದಲ್ಲಿ ಸಿಗದಿದ್ದರೆ ಬಿಟ್ಟು, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಅಟ್ಟಾಡಿಸಿ ಹಿಡಿದ ಮೀನು ಅರ್ಧ ಶಕ್ತಿ ಕಳೆದುಕೊಂಡೇ ಹಾಸ್ಪಿಟಲ್ ಟ್ಯಾಂಕಿಗೆ ಬರುತ್ತದೆ.

ನಿಮ್ಮ ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿಕೊಳ್ಳಿ. ಅಕ್ವೇರಿಯಂ ನೀರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ಹತ್ತುತ್ತವೆ, ಅದು ವಾಸಿಯಾಗಲು ತಿಂಗಳುಗಟ್ಟಲೆ ಬೇಕಾಗಬಹುದು.

## ಹಂತ 5: ಮೊದಲ 24 ಗಂಟೆ

ಮೂರು ಪಕ್ಕಕ್ಕೆ ಪೇಪರ್ ಅಂಟಿಸಿ. ಲೈಟ್ ಬೇಡ, ಕೋಣೆಯ ಬೆಳಕು ಸಾಕು. ಪೈಪಿನ ತುಂಡುಗಳನ್ನು ತಳದಲ್ಲಿಡಿ. ಮೀನು ಅದರೊಳಗೆ ಹೋಗಿ ಕೂತರೆ ಸಂತೋಷಪಡಿ, ಹೊರಗೆ ತೆಗೆಯಲು ಹೋಗಬೇಡಿ. ಮುಚ್ಚಳ ಭದ್ರವಾಗಿರಲಿ. ಹೆದರಿದ ಫೈರ್‌ಫಿಶ್, ಗೋಬಿ, ರಾಸ್ ಮೀನುಗಳು ಸಣ್ಣ ಸಂದಿಯಿಂದಲೂ ಹಾರಿ ನೆಲಕ್ಕೆ ಬೀಳುತ್ತವೆ.

ಮೊದಲ ದಿನ ಔಷಧಿ ಇಲ್ಲ. ಊಟವೂ ತೀರಾ ಸ್ವಲ್ಪ, ತಿಂದರೆ ತಿನ್ನಲಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೀನು ಸುಮ್ಮನೆ ನಿಂತಿರುವಾಗ ಕಿವಿರು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಣಿಸಿ ಬರೆಯಿರಿ. ಗಾಯದ ಫೋಟೋ ಒಂದೇ ಕೋನದಿಂದ ದಿನಾ ತೆಗೆಯಿರಿ. ಕಣ್ಣಂದಾಜಿನಲ್ಲಿ "ವಾಸಿ ಆಗ್ತಿದೆ" ಅನ್ನಿಸುವುದಕ್ಕೂ ಫೋಟೋ ತೋರಿಸುವುದಕ್ಕೂ ಎಷ್ಟೋ ಸಲ ವ್ಯತ್ಯಾಸ ಇರುತ್ತದೆ.

ಸಮುದ್ರದ ಮೀನಿನ ಮೈಯಿಂದ ನೀರು ಸದಾ ಹೊರಗೆ ಸೋರುತ್ತಿರುತ್ತದೆ, ಅದಕ್ಕೇ ಅದು ಉಪ್ಪುನೀರು ಕುಡಿಯುತ್ತಲೇ ಇರುತ್ತದೆ. ಚರ್ಮ ಹರಿದಾಗ ಸೋರಿಕೆ ಜಾಸ್ತಿ. ಹಾಗಾಗಿ ಎರಡನೇ ದಿನದಿಂದ ಉಪ್ಪನ್ನು ನಿಧಾನವಾಗಿ 1.021–1.022ಕ್ಕೆ ಇಳಿಸಿದರೆ ಮೀನಿಗೆ ಸ್ವಲ್ಪ ಆರಾಮ. ವಾಪಸ್ ಏರಿಸುವಾಗ ಮಾತ್ರ ಆತುರ ಬೇಡ, ದಿನಕ್ಕೆ 0.001ರಿಂದ 0.002 ಸಾಕು. ಗಾಯದ ಮೀನಿಗೆ ಸಿಹಿನೀರಿನ ಸ್ನಾನ ಮಾಡಿಸಬೇಡಿ.

## ಹಂತ 6: ಅಮೋನಿಯಾ, ದಿನಾ

ಇಷ್ಟು ದೂರ ಸರಿಯಾಗಿ ಬಂದವರೂ ಇಲ್ಲಿ ಮೀನು ಕಳೆದುಕೊಳ್ಳುತ್ತಾರೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಸಣ್ಣ ತೊಟ್ಟಿಯಲ್ಲಿ ಅದು ಒಂದೆರಡು ದಿನದಲ್ಲೇ ಏರುತ್ತದೆ. ಉಪ್ಪುನೀರಿನ ಪಿಎಚ್ 8ರ ಮೇಲೆ ಇರುವುದರಿಂದ ಅಮೋನಿಯಾದ ವಿಷಕಾರಿ ಪಾಲು ಜಾಸ್ತಿ. ಟೆಸ್ಟ್ ಕಿಟ್‌ನಲ್ಲಿ ಅದೇ ಅಂಕಿ ಬಂದರೂ ಗೋಲ್ಡ್‌ಫಿಶ್ ತೊಟ್ಟಿಗಿಂತ ಇಲ್ಲಿ ಹಲವು ಪಟ್ಟು ಅಪಾಯ. ಸಿಹಿನೀರಿನಲ್ಲಿ ವರ್ಷಗಟ್ಟಲೆ ಅನುಭವ ಇರುವವರೂ ಎಡವುವುದು ಇದಕ್ಕೇ.

ದಿನಾ ಬೆಳಿಗ್ಗೆ ಟೆಸ್ಟ್ ಮಾಡಿ. ಸೊನ್ನೆ ಇರಬೇಕು. ಲೀಟರಿಗೆ 0.25 ಮಿಲಿಗ್ರಾಂ ಬಂದರೆ ಆಗಲೇ ಮೂರರಲ್ಲಿ ಒಂದು ಭಾಗ ನೀರು ಬದಲಿಸಿ. 0.5 ಬಂದರೆ ಅರ್ಧ ನೀರು ಬದಲಿಸಿ, ಸಂಜೆ ಮತ್ತೆ ನೋಡಿ. ಸಂಪ್‌ನಲ್ಲಿ ಬೆಳೆದ ಸ್ಪಾಂಜ್ ನಿಮ್ಮಲ್ಲಿ ಇಲ್ಲದಿದ್ದರೆ ಮೊದಲ ಎರಡು ವಾರ ದಿನಾ ಶೇಕಡಾ 30ರಿಂದ 50 ನೀರು ಬದಲಿಸುವ ತಯಾರಿಯಲ್ಲೇ ಇರಿ. ಹೊಸ ನೀರಿನ ಉಪ್ಪು, ತಾಪಮಾನ ಎರಡೂ ಅಳೆದೇ ಹಾಕಬೇಕು.

ಅಮೋನಿಯಾವನ್ನು ಕಟ್ಟಿಹಾಕುವ ದ್ರಾವಣಗಳು ಸಿಗುತ್ತವೆ. ತುರ್ತಿಗೆ ಒಳ್ಳೆಯದು. ಆದರೆ ಅವನ್ನು ಹಾಕಿದ ಮೇಲೂ ಕೆಲವು ಕಿಟ್‌ಗಳು ಅಮೋನಿಯಾ ಇದೆ ಎಂದೇ ಬಣ್ಣ ತೋರಿಸುತ್ತವೆ. ತಾಮ್ರದ ಔಷಧಿ ಇರುವ ನೀರಿಗಂತೂ ಅವನ್ನು ಸೇರಿಸಲೇಬಾರದು, ತಾಮ್ರ ಇನ್ನಷ್ಟು ವಿಷವಾಗುತ್ತದೆ.

ಉಳಿದ ಊಟವನ್ನು ಹತ್ತು ನಿಮಿಷದಲ್ಲಿ ಸಣ್ಣ ಪೈಪಿನಿಂದ ಹೀರಿ ತೆಗೆಯಿರಿ. ಸ್ಪಾಂಜ್ ಕೊಳೆಯಾದರೆ ನಲ್ಲಿಯ ಕೆಳಗೆ ಹಿಡಿಯಬೇಡಿ. ಟ್ಯಾಂಕಿನಿಂದ ತೆಗೆದ ಉಪ್ಪುನೀರಿನಲ್ಲೇ ಹಿಂಡಿ.

## ಹಂತ 7: ಚಳಿ ಮತ್ತು ಕರೆಂಟ್

ಬಯಲುಸೀಮೆಯವರಿಗೆ ಈ ಹಂತ ಅಷ್ಟು ಮುಖ್ಯವಲ್ಲ. ನಮಗೆ ಇದು ಜೀವನ್ಮರಣದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೂ ಚಳಿ. ಗಾಳಿಮಳೆಗೆ ಮರ ಬಿದ್ದರೆ ತೋಟದ ಮನೆಗಳಲ್ಲಿ ಕರೆಂಟ್ ಯಾವಾಗ ಬರುತ್ತದೆ ಎಂದು ಹೇಳಲಾಗದು. 50 ಲೀಟರ್ ತೊಟ್ಟಿ ದೊಡ್ಡ ಟ್ಯಾಂಕಿಗಿಂತ ಬಹಳ ಬೇಗ ತಣ್ಣಗಾಗುತ್ತದೆ.

ನೀರು 25ರಿಂದ 27 ಡಿಗ್ರಿಯಲ್ಲಿರಬೇಕು. ಕೋಣೆ 18 ಡಿಗ್ರಿಗೆ ಇಳಿದರೆ 50 ವ್ಯಾಟ್ ಹೀಟರ್ ಸಾಲುವುದಿಲ್ಲ, ಅದಕ್ಕೇ ಪಟ್ಟಿಯಲ್ಲಿ 100 ವ್ಯಾಟ್ ಬರೆದದ್ದು. ತೊಟ್ಟಿಯ ತಳ, ಹಿಂಭಾಗ ಮತ್ತು ಎರಡು ಪಕ್ಕಕ್ಕೆ ಥರ್ಮಾಕೋಲ್ ಹಾಳೆ ಕೊಡಿ. ಪ್ಲಾಸ್ಟಿಕ್ ಟಬ್ ಬಳಸುವುದಾದರೆ ಹೀಟರ್ ಗೋಡೆಗೆ ತಾಗದಂತೆ ಗಾರ್ಡ್ ಹಾಕಿ, ಇಲ್ಲದಿದ್ದರೆ ಟಬ್ ಕರಗುತ್ತದೆ. ನೀರು ಬದಲಿಸುವ ಮೊದಲು ಹೀಟರ್ ಆಫ್ ಮಾಡುವುದನ್ನು ಮರೆಯಬೇಡಿ.

ಕರೆಂಟ್ ಹೋದರೆ ಮೊದಲು ಗಾಳಿ, ಆಮೇಲೆ ಬಿಸಿ. ಬ್ಯಾಟರಿ ಏರ್ ಪಂಪನ್ನು ಸ್ಪಾಂಜ್ ಫಿಲ್ಟರಿಗೇ ಜೋಡಿಸಿ. ಮೀನಿಗೂ ಉಸಿರು, ಸ್ಪಾಂಜಿನ ಬ್ಯಾಕ್ಟೀರಿಯಾಕ್ಕೂ ಉಸಿರು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ನೀರಿನಲ್ಲಿ ಕರಗುವ ಆಮ್ಲಜನಕ ಮಂಗಳೂರಿನದಕ್ಕಿಂತ ಸುಮಾರು ಎಂಟನೇ ಒಂದು ಪಾಲು ಕಡಿಮೆ. ಕಿವಿರಿಗೆ ಪೆಟ್ಟಾದ ಮೀನಿಗೆ ಅಷ್ಟು ವ್ಯತ್ಯಾಸವೂ ದೊಡ್ಡದು. ಕರೆಂಟ್ ಇದ್ದಾಗಲೂ ಗುಳ್ಳೆ ಜೋರಾಗಿಯೇ ಇರಲಿ.

ಬಿಸಿಗೆ ನಮ್ಮ ಬಚ್ಚಲ ಹಂಡೆ ಇದೆಯಲ್ಲ! ಒಂದು ಲೀಟರ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಹೊರಗಿನ ಬೂದಿ, ಮಸಿ ತೊಳೆದು ತೊಟ್ಟಿಯಲ್ಲಿ ತೇಲಿಬಿಡಿ. ಮೇಲೆ ಕಂಬಳಿ ಹೊದಿಸಿ, ಗಾಳಿಯ ಪೈಪಿಗೆ ಸಂದಿ ಬಿಡಿ. ಗಂಟೆಗೆ ಒಂದು ಡಿಗ್ರಿಗಿಂತ ವೇಗವಾಗಿ ಏರಿಸಬೇಡಿ. ಏರ್ ಪಂಪನ್ನು ಒಲೆಯ ಹೊಗೆ, ಸೊಳ್ಳೆ ಬತ್ತಿ, ಜನರೇಟರ್ ಇರುವ ಕಡೆ ಇಡಬಾರದು. ಅದು ಹೀರಿದ ಗಾಳಿಯೇ ನೇರ ನೀರಿಗೆ ಹೋಗುತ್ತದೆ.

## ಹಂತ 8: ಊಟ

ಎರಡನೇ ದಿನದಿಂದ ಶುರು ಮಾಡಿ. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಚಿಟಿಕೆಯಷ್ಟು. ಫ್ರೋಜನ್ ಮೈಸಿಸ್ ಸಿಗಡಿ ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಮೀನು ಮಾರ್ಕೆಟ್ಟಿಗೆ ಕರಾವಳಿಯಿಂದ ಬರುವ ಸಮುದ್ರದ ಸಿಗಡಿ ತನ್ನಿ. ಔಷಧಿ ವಾಸನೆ ಇರಬಾರದು. ಸಿಪ್ಪೆ ತೆಗೆದು, ಮೀನಿನ ಬಾಯಿಗೆ ಹಿಡಿಸುವಷ್ಟು ಸಣ್ಣಗೆ ಕೊಚ್ಚಿ, ಆರ್‌ಒ ನೀರಿನಲ್ಲಿ ತೊಳೆದು, ಫ್ರೀಜರ್‌ನಲ್ಲಿಡಿ. ಮಸಾಲೆ ಕಲಸಿದ ಹಲಗೆ, ಚಾಕು ಈ ಕೆಲಸಕ್ಕೆ ಬೇಡ.

ಟ್ಯಾಂಗ್, ಏಂಜೆಲ್ ಮೀನುಗಳಿಗೆ ಒಣ ನೋರಿ ಎಲೆ (ತಿನ್ನುವ ಸಮುದ್ರ ಪಾಚಿಯ ಹಾಳೆ) ಬೇಕು. ಉಪ್ಪು, ಎಣ್ಣೆ, ಮಸಾಲೆ ಹಾಕದ್ದನ್ನೇ ಕೊಡಿ. ಪೈಪಿಗೆ ರಬ್ಬರ್ ಬ್ಯಾಂಡ್‌ನಿಂದ ಕಟ್ಟಿ ಮುಳುಗಿಸಿದರೆ ತಮಗೆ ಬೇಕಾದಾಗ ಬಂದು ಕಚ್ಚುತ್ತವೆ.

ಏನು ಕೊಟ್ಟರೂ ತಿನ್ನದ ಮೀನಿಗೆ ಜೀವಂತ ಬ್ರೈನ್ ಶ್ರಿಂಪ್ ಮರಿ ಹಾಕಿ ನೋಡಿ. ಮೊಟ್ಟೆಯನ್ನು 26ರಿಂದ 28 ಡಿಗ್ರಿಯ ಉಪ್ಪುನೀರಿನಲ್ಲಿ ಗಾಳಿ ಕೊಟ್ಟು ಇಟ್ಟರೆ ಸುಮಾರು ಒಂದು ದಿನಕ್ಕೆ ಮರಿಯಾಗುತ್ತದೆ. ಎದುರಿಗೆ ಚಲಿಸುವುದನ್ನು ಕಂಡರೆ ಹೆದರಿದ ಮೀನೂ ಬಾಯಿ ಹಾಕುವ ಸಾಧ್ಯತೆ ಜಾಸ್ತಿ. ಒಂದು ಕಣ್ಣು ಕಳೆದುಕೊಂಡ ಮೀನಿಗೆ ಒಳ್ಳೆಯ ಕಣ್ಣಿನ ಕಡೆಯಿಂದ, ದಿನಾ ಒಂದೇ ಜಾಗದಲ್ಲಿ ಕೊಡಿ. ಬೇಗ ಕಲಿಯುತ್ತದೆ, ಒಂದೇ ಕಣ್ಣಿನಲ್ಲಿ ಚೆನ್ನಾಗಿ ಬದುಕುತ್ತದೆ.

## ಹಂತ 9: ಔಷಧಿ ಯಾವಾಗ?

ಸ್ವಚ್ಛ ನೀರಿನಲ್ಲಿ ಹರಿದ ರೆಕ್ಕೆ ಒಂದೆರಡು ವಾರದಲ್ಲಿ ಬೆಳೆಯಲು ಶುರುವಾಗುತ್ತದೆ. ಹೊಸ ಭಾಗ ಮೊದಲು ಗಾಜಿನಂತೆ ಪಾರದರ್ಶಕವಾಗಿರುತ್ತದೆ, ಬಣ್ಣ ಆಮೇಲೆ ಬರುತ್ತದೆ. ಹುರುಪೆ ಬರಲು ಅದಕ್ಕಿಂತ ಹೆಚ್ಚು ದಿನ ಬೇಕು. ಬುಡದಿಂದಲೇ ಹೋದ ರೆಕ್ಕೆ ಮತ್ತೆ ಬರುವುದು ಕಷ್ಟ. ಗಾಯದ ಅಂಚು ಒಳಗೆ ಸರಿಯುತ್ತಿದ್ದರೆ ಔಷಧಿ ಬೇಡವೇ ಬೇಡ.

ಬ್ಯಾಕ್ಟೀರಿಯಾ ಸೋಂಕಿನ ಗುರುತುಗಳು ಇವು:

- ಗಾಯದ ಸುತ್ತ ಕೆಂಪು ಹರಡುವುದು, ರೆಕ್ಕೆಯಲ್ಲಿ ರಕ್ತದ ಗೆರೆ
- ಗಾಯದ ಮೇಲೆ ಬಿಳಿ ಹತ್ತಿಯಂಥ ಪದರ
- ರೆಕ್ಕೆ ದಿನದಿಂದ ದಿನಕ್ಕೆ ಬುಡದ ಕಡೆ ಕರಗುವುದು
- ಕಣ್ಣಿನ ಮಂಜು ದಟ್ಟವಾಗುತ್ತಾ ಹೋಗುವುದು

ಇವು ಕಂಡರೆ ಮಾತ್ರ ಅಕ್ವೇರಿಯಂ ಮೀನಿಗೆಂದೇ ಮಾಡಿದ, ಉಪ್ಪುನೀರಿಗೆ ಆಗುತ್ತದೆ ಎಂದು ಬರೆದಿರುವ ಆಂಟಿಬಯಾಟಿಕ್ ಹಾಕಿ. ಒಂದು ಸಲಕ್ಕೆ ಒಂದೇ ಔಷಧಿ, ಲೇಬಲ್ ಹೇಳಿದಷ್ಟು ದಿನ ಪೂರ್ತಿ. ಫಿಲ್ಟರ್‌ನಲ್ಲಿ ಕಾರ್ಬನ್ (ಇದ್ದಿಲು) ಇದ್ದರೆ ತೆಗೆದಿಡಿ. ಔಷಧಿಯಿಂದ ಸ್ಪಾಂಜಿನ ಬ್ಯಾಕ್ಟೀರಿಯಾವೂ ಸಾಯಬಹುದು, ಹಾಗಾಗಿ ಅಮೋನಿಯಾ ಟೆಸ್ಟ್ ದಿನಕ್ಕೆ ಎರಡು ಸಲ. ದೊಡ್ಡ ಟ್ಯಾಂಕಿಗೆ ಯಾವ ಔಷಧಿಯನ್ನೂ ಹಾಕಬೇಡಿ.

ಮೆಡಿಕಲ್ ಶಾಪಿನ ಮಾತ್ರೆ ಪುಡಿ ಮಾಡಿ ಹಾಕುವುದನ್ನು ದಯವಿಟ್ಟು ಬಿಡಿ. ಪ್ರಮಾಣ ಗೊತ್ತಾಗುವುದಿಲ್ಲ, ಮಾತ್ರೆಯ ಹಿಟ್ಟು ನೀರು ಕೆಡಿಸುತ್ತದೆ. ಟೆಟ್ರಾಸೈಕ್ಲಿನ್ ಜಾತಿಯ ಔಷಧಿಗಳಂತೂ ಸಮುದ್ರದ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಅಂಟಿಕೊಂಡು ಕೆಲಸವನ್ನೇ ಮಾಡುವುದಿಲ್ಲ.

ಅರಿಶಿನ ಹಾಕಲೇ ಎಂದು ಕೇಳುತ್ತಾರೆ. ಮನೆಯಲ್ಲಿ ಯಾರಿಗೆ ಗಾಯವಾದರೂ ನಮ್ಮ ಕೈ ಅರಿಶಿನದ ಡಬ್ಬಿಗೇ ಹೋಗುತ್ತದೆ, ಅದು ಸಹಜ. ಮೀನಿನ ವಿಷಯದಲ್ಲಿ ಪುಡಿ ಕಿವಿರಿಗೆ ಮೆತ್ತಿಕೊಳ್ಳುತ್ತದೆ, ನೀರು ಹಾಳಾಗುತ್ತದೆ. ಬೇಡ. "ಸ್ವಲ್ಪ ಉಪ್ಪು ಹಾಕಿ, ವಾಸಿ ಆಗುತ್ತದೆ" ಎಂಬುದು ಸಿಹಿನೀರಿನ ಮೀನಿನ ಸಲಹೆ, ಇಲ್ಲಿ ಅರ್ಥವಿಲ್ಲ. ತೋಟದ ಮೈಲುತುತ್ತವನ್ನು ಇಕ್‌ಗೆ ಔಷಧಿ ಎಂದು ಅಂದಾಜಿನಲ್ಲಿ ಹಾಕುವುದು ಎಲ್ಲಕ್ಕಿಂತ ಅಪಾಯ. ಇಕ್‌ಗೆ ತಾಮ್ರ ಕೊಡುವುದು ನಿಜ. ಆದರೆ ಅದು ಅಕ್ವೇರಿಯಂಗೆಂದು ತಯಾರಿಸಿದ ತಾಮ್ರ, ದಿನಾ ಟೆಸ್ಟ್ ಕಿಟ್‌ನಲ್ಲಿ ಅಳೆದು ಕೊಡುವಂಥದ್ದು.

ಪೆಟ್ಟಿನಿಂದ ಒಂದು ಕಣ್ಣು ಊದಿದ್ದರೆ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಊತ ಇಳಿಸಲು ನೆರವಾಗುತ್ತದೆ. 20 ಲೀಟರಿಗೆ ಒಂದು ಟೀ ಚಮಚ, ಬೇರೆ ಲೋಟದಲ್ಲಿ ಕರಗಿಸಿ, ಎರಡು ಮೂರು ಸಲವಾಗಿ ಹಾಕಿ. ಗೊಬ್ಬರದ ಅಂಗಡಿಯದ್ದು ಬೇಡ, ಮೆಡಿಕಲ್ ಶಾಪಿನದ್ದು ತನ್ನಿ.

## ಅಪಾಯದ ಗುರುತುಗಳು

ಕಿವಿರಿನ ಬಡಿತ ನಿನ್ನೆಗಿಂತ ಇವತ್ತು ಜಾಸ್ತಿ ಆಗಿದ್ದರೆ, ಮೀನು ನೀರಿನ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಮೊದಲು ಅಮೋನಿಯಾ, ತಾಪಮಾನ ಮತ್ತು ಗಾಳಿ ನೋಡಿ. ಔಷಧಿಯ ಬಾಟಲಿಗೆ ಕೈ ಹಾಕುವುದು ಆಮೇಲೆ. ಹೊಟ್ಟೆ ಒಳಗೆ ಸೇರಿ, ತಲೆಯ ಹಿಂದಿನ ಬೆನ್ನು ಚೂಪಾಗಿ ಕಂಡರೆ ಉಪವಾಸ ಮಿತಿಮೀರಿದೆ.

ಮಗ್ಗುಲಾಗಿ ಬಿದ್ದು, ಎದ್ದು ನಿಲ್ಲಲಾರದೆ, ಒಂದೆರಡು ದಿನದಲ್ಲೂ ಸುಧಾರಿಸದೆ ನರಳುತ್ತಿದ್ದರೆ ನೋವು ಮುಗಿಸುವುದೇ ದಯೆ. ಟಾಯ್ಲೆಟ್‌ಗೆ ಹಾಕುವುದು, ಫ್ರೀಜರ್‌ನಲ್ಲಿಡುವುದು ಕ್ರೌರ್ಯ. ಬೇರೆ ಪಾತ್ರೆಯಲ್ಲಿ ಅದೇ ನೀರು ತೆಗೆದುಕೊಂಡು, ಲೀಟರಿಗೆ 0.4 ಮಿಲಿ ಲವಂಗದ ಎಣ್ಣೆಯನ್ನು ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಕುಲುಕಿ ಸೇರಿಸಿ. ಮೀನು ಪ್ರಜ್ಞೆ ತಪ್ಪುತ್ತದೆ. ಕಿವಿರು ನಿಂತ ಮೇಲೂ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಬಿಡಿ.

## ಹಂತ 10: ವಾಪಸ್ ಬಿಡುವುದು

ಗಾಯ ಪೂರ್ತಿ ಮುಚ್ಚಿ, ರೆಕ್ಕೆ ಬೆಳೆಯುತ್ತಿದ್ದು, ಒಂದು ವಾರದಿಂದ ಚೆನ್ನಾಗಿ ತಿನ್ನುತ್ತಿದ್ದರೆ ಮಾತ್ರ ವಾಪಸ್ ಬಿಡುವ ಯೋಚನೆ ಮಾಡಿ. ಉಪ್ಪನ್ನು ದೊಡ್ಡ ಟ್ಯಾಂಕಿನ ಮಟ್ಟಕ್ಕೆ ನಿಧಾನವಾಗಿ ಏರಿಸಿ.

ವಾಸಿಯಾದ ಮೀನನ್ನು ಹಾಗೇ ಹಳೆಯ ಜಾಗಕ್ಕೆ ಬಿಟ್ಟರೆ ಮೊದಲ ದಿನವೇ ಮತ್ತೆ ಹೊಡೆತ ಬೀಳುತ್ತದೆ. ಪುಂಡ ಮೀನಿಗೆ ಆ ಟ್ಯಾಂಕಿನ ಮೂಲೆ ಮೂಲೆಯೂ ತನ್ನದೇ ಅನ್ನಿಸಿರುತ್ತದೆ. ಅದನ್ನು ಮುರಿಯಬೇಕು. ಪುಂಡನನ್ನು ನಾಲ್ಕರಿಂದ ಏಳು ದಿನ ಹೊರಗಿಡಿ. ಅಷ್ಟರಲ್ಲಿ ಕಲ್ಲುಗಳ ಜೋಡಣೆ ಬದಲಿಸಿ, ಎರಡೂ ಕಡೆ ತೂರಿಹೋಗುವಂಥ ಗುಹೆಗಳನ್ನು ಮಾಡಿ. ಒಂದೇ ಬಾಗಿಲಿನ ಗುಹೆಯಲ್ಲಿ ಸಿಕ್ಕಿಬಿದ್ದ ಮೀನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಗಾಯಾಳುವನ್ನು ಮೊದಲು ಬಿಡಿ, ಅದೂ ತೂಗುಡಬ್ಬಿಯಲ್ಲಿ ಮೂರು ನಾಲ್ಕು ದಿನ ಇಟ್ಟು. ಆಮೇಲೆ ಲೈಟ್ ಆರಿದ ಮೇಲೆ ಡಬ್ಬಿಯಿಂದ ಹೊರಗೆ. ಅದು ಜಾಗ ಹಿಡಿದ ಮೇಲೆ ಪುಂಡನನ್ನು ಸೇರಿಸಿ. ಊಟವನ್ನು ಎರಡು ತುದಿಗಳಲ್ಲಿ ಒಟ್ಟಿಗೆ ಹಾಕಿ. ಜಗಳವಾಡುವುದು ಟ್ಯಾಂಗ್ ಆಗಿದ್ದರೆ ಗಾಜಿನ ಹೊರಗೆ ಒಂದು ಕನ್ನಡಿ ಆನಿಸಿಡಿ. ಕೆಲವು ದಿನ ಅದರ ಗಮನವೆಲ್ಲ ಕನ್ನಡಿಯ ಮೀನಿನ ಮೇಲೆ ಇರುತ್ತದೆ.

ಒಂದೆರಡು ಸಲ ಬೆನ್ನಟ್ಟಿ ಸುಮ್ಮನಾದರೆ ಚಿಂತೆಯಿಲ್ಲ. ಮತ್ತೆ ಹುರುಪೆ ಕಿತ್ತರೆ, ಮೀನು ಮತ್ತೆ ಮೂಲೆ ಹಿಡಿದರೆ ಮೂರನೇ ಅವಕಾಶ ಕೊಡಬೇಡಿ. ಎರಡರಲ್ಲಿ ಒಂದನ್ನು ಬೇರೆ ಮನೆಗೆ ಕೊಟ್ಟುಬಿಡಿ. ಡ್ಯಾಮ್ಸೆಲ್ ಆದರೆ ನಾನು ಯೋಚನೆ ಮಾಡದೆ ಅದನ್ನೇ ಕೊಡಲು ಹೇಳುತ್ತೇನೆ, ವಯಸ್ಸಾದಂತೆ ಅದರ ಜಗಳ ಜಾಸ್ತಿಯೇ ಆಗುತ್ತದೆ.

ಹಾಸ್ಪಿಟಲ್ ಟ್ಯಾಂಕನ್ನು ಇನ್ನೆರಡು ವಾರ ಓಡುತ್ತಲೇ ಇಡಿ, ಮೀನು ವಾಪಸ್ ಬರಬೇಕಾಗಬಹುದು. ಆಮೇಲೆ ಖಾಲಿ ಮಾಡಿ, ತೊಳೆದು, ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ನಮ್ಮಲ್ಲಿ ಏನೂ ತಾನಾಗಿ ಒಣಗುವುದಿಲ್ಲ, ಒಣ ಬಟ್ಟೆಯಿಂದ ಒರೆಸಿ ಫ್ಯಾನ್ ಕೆಳಗಿಡಿ. ಔಷಧಿ ಬಳಸದೆ, ರೋಗವೂ ಕಾಣದೆ ಇದ್ದರೆ ಸ್ಪಾಂಜನ್ನು ಸಂಪ್‌ಗೆ ಹಿಂದಿರುಗಿಸಿ. ಔಷಧಿ ಬಿದ್ದಿದ್ದರೆ, ಅದರಲ್ಲೂ ತಾಮ್ರ ಬಿದ್ದಿದ್ದರೆ, ಆ ಸ್ಪಾಂಜ್ ಎಸೆದು ಸಂಪ್‌ನಲ್ಲಿ ಹೊಸದೊಂದನ್ನು ಬೆಳೆಯಲು ಬಿಡಿ.